ನಿಮ್ಮ ನಂತರ ಆ ಕುರ್ಚಿಯಲ್ಲಿ ಯಾರು?

ವನ್ಯಜೀವಿ ಸಂರಕ್ಷಣಾ ಸಂಸ್ಥೆಗಳನ್ನು ನಡೆಸುವವರಿಗೆ, ಅವುಗಳ ಟ್ರಸ್ಟಿಗಳಿಗೆ ಮತ್ತು ಈ ಕೆಲಸಕ್ಕೆ ಹಣ ಕೊಡುವ ಎಲ್ಲರಿಗೂ,

ಮಾನ್ಯರೇ,

ಕಳೆದ ತಿಂಗಳು ಒಂದು ಸಂದರ್ಶನ ಸಮಿತಿಯಲ್ಲಿ ಕೂತಿದ್ದೆ. ಕಾಡಿನ ಹತ್ತಿರವೇ ಇದ್ದು ಪ್ರಾಣಿಗಳ ಕೆಲಸ ಮಾಡುವ ಕೇಂದ್ರ, ಅಂದರೆ ಫೀಲ್ಡ್ ಸ್ಟೇಷನ್ ಒಂದರ ಮುಖ್ಯಸ್ಥರ ಹುದ್ದೆ. ಆರು ಜನ ಬಂದಿದ್ದರು. ಎಲ್ಲರೂ ಚೆನ್ನಾಗಿ ಓದಿದವರು, ಇಬ್ಬರು ಪಿಎಚ್‌.ಡಿ. ಮುಗಿಸಿದವರು. ಪ್ರಾಣಿ ಹಾದುಹೋದಾಗ ತಾನಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್ ಫೋಟೋಗಳಿಂದ ಪ್ರಾಣಿಗಳ ಸಂಖ್ಯೆ ಅಂದಾಜು ಮಾಡೋದು ಹೇಗೆ ಅಂದರೆ ನನಗಿಂತ ಚೆನ್ನಾಗಿ ಹೇಳಿದರು. ಆಮೇಲೆ ಒಂದು ಸಾದಾ ಪ್ರಶ್ನೆ ಕೇಳಿದೆ. "ರಾತ್ರಿ ಆನೆ ನುಗ್ಗಿ ಒಬ್ಬರ ಬೆಳೆಯನ್ನೆಲ್ಲ ತುಳಿದಿದೆ. ಬೆಳಿಗ್ಗೆ ನಲವತ್ತು ಜನ ಸ್ಟೇಷನ್ ಗೇಟಿನ ಮುಂದೆ ನಿಂತು ಕೂಗಾಡ್ತಿದ್ದಾರೆ. ಏನು ಮಾಡ್ತೀರಿ?"

ಒಬ್ಬರು ಪರಿಹಾರದ ನಿಯಮ ಒಪ್ಪಿಸಿದರು. ಇನ್ನೊಬ್ಬರು ಆನೆ ತಡೆಯುವ ಜೇನುಪೆಟ್ಟಿಗೆಯ ಬೇಲಿ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಮತ್ತೊಬ್ಬರು ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದರು. ಗೇಟು ತೆಗೆದು ಹೊರಗೆ ಹೋಗಿ ಅವರ ಮಾತು ಕೇಳುತ್ತೇನೆ ಅಂತ ಆರರಲ್ಲಿ ಒಬ್ಬರೂ ಹೇಳಲಿಲ್ಲ.

ಹೀಗೆ ಗೇಟು ತೆಗೆದು ಹೊರಗೆ ಹೋಗುವ ಕೆಲಸವನ್ನು ಹದಿನಾಲ್ಕು ವರ್ಷದಿಂದ ಮಾಡುತ್ತಿರುವವರು ಒಬ್ಬರು ಅದೇ ಸ್ಟೇಷನ್‌ನಲ್ಲಿದ್ದಾರೆ. ಅವರ ಹುದ್ದೆ ಇವತ್ತಿಗೂ ಫೀಲ್ಡ್ ಅಸಿಸ್ಟೆಂಟ್. ಅವರು ಅರ್ಜಿ ಹಾಕಿರಲಿಲ್ಲ. ಜಾಹೀರಾತಿನಲ್ಲಿ "ಸ್ನಾತಕೋತ್ತರ ಪದವಿ ಕಡ್ಡಾಯ" ಅಂತ ಇತ್ತಲ್ಲ. ಆ ಜಾಹೀರಾತಿಗೆ ಸಹಿ ಹಾಕಿದ್ದು ನಾನೇ.

ಹಾಗಾಗಿ ಈ ಪತ್ರದಲ್ಲಿ ಬೈಗುಳ ಏನಾದರೂ ಕಂಡರೆ ಅದರ ಮೊದಲ ಪಾಲು ನನ್ನದು. ಉಳಿದದ್ದನ್ನು ನೀವು ಹಂಚಿಕೊಳ್ಳಿ.

ನಿಮ್ಮನ್ನು ಒಂದು ಕೆಟ್ಟ ಪ್ರಶ್ನೆ ಕೇಳಬೇಕಿದೆ. ಅದಕ್ಕೆ ಮುಂಚೆ ಒಂದು ಘಟನೆ ನೆನಪಿಸುತ್ತೇನೆ. 2006ರ ಸೆಪ್ಟೆಂಬರ್ 23ರಂದು ಪೂರ್ವ ನೇಪಾಳದ ಘುನ್ಸಾ ಬಳಿ ಒಂದು ಹೆಲಿಕಾಪ್ಟರ್ ಬಿತ್ತು. ಒಳಗಿದ್ದ 24 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅನ್ನಪೂರ್ಣ ಪ್ರದೇಶದಲ್ಲಿ ಊರಿನವರ ಕೈಯಲ್ಲೇ ಸಂರಕ್ಷಣೆ ಮಾಡಿಸಿ ತೋರಿಸಿದ ಚಂದ್ರ ಗುರುಂಗ್ ಅದರಲ್ಲಿದ್ದರು. ಶೆರ್ಪಾ ಸಮುದಾಯದಿಂದಲೇ ಬಂದು ಸಾಗರಮಾಥಾ (ಎವರೆಸ್ಟ್) ರಾಷ್ಟ್ರೀಯ ಉದ್ಯಾನದ ವಾರ್ಡನ್ ಆಗಿದ್ದ ಮಿಂಗ್ಮಾ ನೋರ್ಬು ಶೆರ್ಪಾ ಇದ್ದರು. ನೇಪಾಳದ ವನ್ಯಜೀವಿ ಇಲಾಖೆಯನ್ನೇ ನಡೆಸಿದ್ದ ತೀರ್ಥಮಾನ್ ಮಾಸ್ಕೆ ಇದ್ದರು. ದೇಶದ ಅರಣ್ಯ ಖಾತೆಯ ರಾಜ್ಯ ಸಚಿವರೂ ಇದ್ದರು. ಒಂದು ದೇಶದ ಸಂರಕ್ಷಣೆಯ ತಲೆಯಾಳುಗಳು ಒಂದೇ ಬೆಳಿಗ್ಗೆ ಹೋದರು.

ಅವರು ಎಲ್ಲಿಂದ ವಾಪಸಾಗುತ್ತಿದ್ದರು ಗೊತ್ತಾ? ಕಾಂಚನಜುಂಗಾ ಸಂರಕ್ಷಣಾ ಪ್ರದೇಶದ ಉಸ್ತುವಾರಿಯನ್ನು ಅಲ್ಲಿನ ಜನರ ಕೈಗೆ ಒಪ್ಪಿಸುವ ಸಮಾರಂಭದಿಂದ.

ಮುಂದೆ ಆಗಿದ್ದೇನು ನೋಡಿ. 2009ರ ಸುಮಾರಿಗೆ ನೇಪಾಳದಲ್ಲಿ 121 ಹುಲಿಗಳಿದ್ದವು. 2022ರ ಗಣತಿಯಲ್ಲಿ 355. 2011ರಲ್ಲಿ ಇಡೀ ವರ್ಷ ಒಂದೇ ಒಂದು ಘೇಂಡಾಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಇದಕ್ಕೆ ಕಾರಣ ಹತ್ತಾರು. ಸೇನೆಯ ಕಾವಲಿತ್ತು, ಸರ್ಕಾರದ ಮನಸ್ಸಿತ್ತು, ಹೊರಗಿನ ಹಣ ಇತ್ತು. ಆದರೆ ಹೋದವರು ತಮ್ಮ ಹಿಂದೆ ಮುಂದಿನವರನ್ನು ಬೆಳೆಸಿದ್ದರು, ಅಧಿಕಾರವನ್ನು ಬಿಟ್ಟುಕೊಡುತ್ತಾ ಬಂದಿದ್ದರು. ಅದು ಇಲ್ಲದಿದ್ದರೆ ಸೇನೆಯೂ ಹಣವೂ ಎಷ್ಟು ದೂರ ಬರುತ್ತಿತ್ತು ಅಂತ ನನಗೆ ಅನುಮಾನವಿದೆ.

ಈಗ ಆ ಪ್ರಶ್ನೆ. ನಿಮ್ಮ ಸಂಸ್ಥೆಯ ಮೇಲಿನ ನಾಲ್ಕು ಜನ ನಾಳೆ ಇಲ್ಲ ಅಂದುಕೊಳ್ಳಿ. ನಾಡಿದ್ದು ಸಂಬಳದ ಕಾಗದಕ್ಕೆ ಸಹಿ ಹಾಕುವವರು ಯಾರು? ಮಂತ್ರಿಗೆ ಫೋನ್ ಮಾಡುವವರು ಯಾರು? ನಾನು ಕೆಲಸ ಮಾಡಿದ ಮೂರು ಸಂಸ್ಥೆಗಳಲ್ಲಿ ಎರಡರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಒಂದರಲ್ಲಿ ಸ್ಥಾಪಕರು ಇಪ್ಪತ್ತೇಳು ವರ್ಷದಿಂದ ಅದೇ ಕುರ್ಚಿಯಲ್ಲಿದ್ದರು. ಒಳ್ಳೆಯ ಮನುಷ್ಯ, ತಪ್ಪು ತಿಳಿಯಬೇಡಿ. ಆದರೆ ಜೀಪಿಗೆ ಟೈರ್ ಬದಲಿಸಲೂ ಅವರ ಒಪ್ಪಿಗೆ ಬೇಕಿತ್ತು. ಅವರ ಕೈಕೆಳಗೆ ಬಂದು ಹೋದ ಚುರುಕು ಹುಡುಗ ಹುಡುಗಿಯರ ಲೆಕ್ಕ ಇಟ್ಟವರಿಲ್ಲ.

ನಾಯಕರು ಸಿಗುತ್ತಿಲ್ಲ ಅಂತ ನಮ್ಮ ಸಭೆಗಳಲ್ಲೆಲ್ಲ ಗೊಣಗಾಟ ಕೇಳುತ್ತೇವೆ. ಸಿಗೋದು ಹೇಗೆ? ಬಾಗಿಲಲ್ಲೇ ಸೋಸುತ್ತಿದ್ದೇವಲ್ಲ.

ನಾನು ಈ ಕೆಲಸಕ್ಕೆ ಬಂದ ಮೊದಲ ಒಂದೂವರೆ ವರ್ಷ ಸಂಬಳ ಇರಲಿಲ್ಲ. "ಅನುಭವ ಸಿಗುತ್ತದೆ" ಎಂದರು. ಸಿಕ್ಕಿತು, ಇಲ್ಲ ಅನ್ನಲ್ಲ. ಆದರೆ ಅಷ್ಟು ದಿನ ನನ್ನ ಖರ್ಚು ನೋಡಿಕೊಂಡಿದ್ದು ನನ್ನಕ್ಕ. ನನ್ನ ಜತೆ ಸೇರಿದ್ದ ಇನ್ನೊಬ್ಬನಿಗೆ ಅಂಥ ಅಕ್ಕ ಇರಲಿಲ್ಲ. ಹಕ್ಕಿಯ ಒಂದು ಕೂಗು ಕೇಳಿದರೆ ಹೆಸರು, ವಯಸ್ಸು, ಅದು ಯಾಕೆ ಕೂಗುತ್ತಿದೆ ಅಂತ ಮೂರೂ ಹೇಳುತ್ತಿದ್ದ. ಏಳನೇ ತಿಂಗಳಿಗೆ ಗಂಟುಮೂಟೆ ಕಟ್ಟಿದ. ಇವತ್ತು ನಾನು ಸಂದರ್ಶನ ಸಮಿತಿಯಲ್ಲಿ ಕೂರುತ್ತೇನೆ, ಅವನು ಗೋದಾಮಿನ ಲೆಕ್ಕ ಬರೆಯುತ್ತಾನೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ನನ್ನಕ್ಕ ಮಾತ್ರ.

ಸಂಬಳವಿಲ್ಲದ ಇಂಟರ್ನ್‌ಗಳಿಂದ ಕೆಲಸ ಮಾಡಿಸಿಕೊಳ್ಳುವುದು ಅಗ್ಗ ಅಂತ ಅನಿಸುತ್ತದೆ. ಕೆಲವು ಕಡೆ ಇಂಟರ್ನ್‌ಗಳೇ ದುಡ್ಡು ಕಟ್ಟಿ ಬರಬೇಕು! ಈ ಪದ್ಧತಿಯಿಂದ ಕ್ಷೇತ್ರಕ್ಕೇ ನಷ್ಟ ಅಂತ ವನ್ಯಜೀವಿ ಸಂಶೋಧಕರೇ ತಮ್ಮ ಪತ್ರಿಕೆಗಳಲ್ಲಿ ಹತ್ತು ವರ್ಷದ ಹಿಂದೆಯೇ ಬರೆದಿದ್ದಾರೆ. ಯಾರು ಒಂದೆರಡು ವರ್ಷ ಪುಕ್ಕಟೆ ದುಡಿಯಬಲ್ಲರೋ ಅವರಷ್ಟೇ ಮೊದಲ ಮೆಟ್ಟಿಲು ಹತ್ತುತ್ತಾರೆ. ಹತ್ತು ವರ್ಷದ ಮೇಲೆ ಮೇಲಿನ ಕುರ್ಚಿಗಳಲ್ಲಿ ಒಂದೇ ಥರದ ಮುಖಗಳು ಕಂಡರೆ ಆಶ್ಚರ್ಯ ಯಾಕೆ?

ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗೂಡಾಲ್ 1960ರಲ್ಲಿ ಈಗಿನ ತಾಂಜಾನಿಯಾದ ಗೊಂಬೆ ಕಾಡಿಗೆ ಹೋದಾಗ ಅವರಿಗೆ 26 ವರ್ಷ, ಕೈಯಲ್ಲಿ ಪದವಿ ಇರಲಿಲ್ಲ. ಸೆಕ್ರೆಟರಿ ಕೆಲಸ ಕಲಿತಿದ್ದರು. ಈ ಕಥೆಯನ್ನು ನಾವೆಲ್ಲ ಭಾಷಣಗಳಲ್ಲಿ ಹೇಳುತ್ತೇವೆ. ಅದರ ಇನ್ನೊಂದು ಭಾಗ ಮಾತ್ರ ಬಿಟ್ಟುಬಿಡುತ್ತೇವೆ. ಆದಿಮಾನವರ ಪಳೆಯುಳಿಕೆಗಳ ಸಂಶೋಧಕ ಲೂಯಿಸ್ ಲೀಕಿ ಅವರನ್ನು ಕಳಿಸುವ ಮುಂಚೆ ಹೊರಗಿಂದ ಹಣ ಹೊಂದಿಸಿದ್ದರು. ಆಮೇಲೆ ಕೇಂಬ್ರಿಜ್‌ನಲ್ಲಿ ನೇರವಾಗಿ ಪಿಎಚ್‌.ಡಿ.ಗೆ ಸೇರಲು ದಾರಿ ಮಾಡಿಕೊಟ್ಟರು. ಅಂದರೆ ಹಿರಿಯರೊಬ್ಬರು ಮನಸ್ಸು ಮಾಡಿ ಮೆಟ್ಟಿಲು ಕಟ್ಟಿದರು. ಇವತ್ತು ಅದೇ ಹುಡುಗಿ ಅರ್ಜಿ ಹಾಕಿದರೆ ನಮ್ಮ ಕಂಪ್ಯೂಟರ್ ಅದನ್ನು ನಮ್ಮ ಕಣ್ಣಿಗೂ ತೋರಿಸುವುದಿಲ್ಲ.

ಇನ್ನು ಒಳಗೆ ಬಂದವರಿಗೆ ನಾವು ಏನು ಕಲಿಸುತ್ತೇವೆ? ಪ್ರಾಣಿ ಎಣಿಸೋದು, ಅದರ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕೋದು, ನಕ್ಷೆ ಮಾಡೋದು, ಪ್ರಬಂಧ ಬರೆಯೋದು. ಎಲ್ಲ ಬೇಕು. ಆದರೆ ಮುಖ್ಯಸ್ಥರಾದ ದಿನದಿಂದ ಪ್ರಾಣಿ ನೋಡುವುದೇ ಅಪರೂಪ. ಸಿಟ್ಟಾದ ಜನರ ಮುಂದೆ ನಿಲ್ಲಬೇಕು. ಬಜೆಟ್ ಓದಬೇಕು. ಇಬ್ಬರು ಸಹೋದ್ಯೋಗಿಗಳ ಜಗಳ ಬಿಡಿಸಬೇಕು. ಒಬ್ಬರನ್ನು ಕೆಲಸದಿಂದ ತೆಗೆಯಬೇಕು, ಅದೂ ಮರ್ಯಾದೆಯಿಂದ. ದೊಡ್ಡ ದಾನಿ ಕೊಡುವ ತಪ್ಪು ದುಡ್ಡಿಗೆ ಬೇಡ ಅನ್ನಬೇಕು. ಇದರಲ್ಲಿ ಯಾವುದನ್ನೂ ನನಗೆ ಯಾರೂ ಹೇಳಿಕೊಡಲಿಲ್ಲ. ತಪ್ಪು ಮಾಡಿಯೇ ಕಲಿತೆ. ನನ್ನ ತಪ್ಪುಗಳ ಬೆಲೆಯನ್ನು ಬೇರೆಯವರು ತೆತ್ತರು.

ಗ್ಲಾಡಿಸ್ ಕಲೇಮಾ ಝಿಕುಸೋಕಾ ಅವರ ದಾರಿ ನನಗೆ ಇಲ್ಲಿ ತುಂಬಾ ಇಷ್ಟ. 1996ರಲ್ಲಿ ಉಗಾಂಡಾದ ವನ್ಯಜೀವಿ ಇಲಾಖೆಗೆ ಮೊದಲ ಪಶುವೈದ್ಯೆಯಾಗಿ ಸೇರಿದರು. ಇನ್ನೂ ಮೂವತ್ತೂ ಆಗಿರಲಿಲ್ಲ. ಬ್ವಿಂಡಿ ಕಾಡಿನ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿತ್ತು. ಒಂದು ಮರಿ ಸತ್ತೇ ಹೋಯಿತು. ಮೂಲ ಹುಡುಕಿದಾಗ ಸುತ್ತಲ ಹೊಲಗಳ ಬೆರ್ಚಪ್ಪಗಳಿಗೆ ಹಾಕಿದ ಹಳೇ ಬಟ್ಟೆಗಳ ಕಡೆ ಬೆರಳು ಹೋಯಿತು. ಬೇರೆಯವರಾಗಿದ್ದರೆ ಗೊರಿಲ್ಲಾಗೆ ಇಂಜೆಕ್ಷನ್ ಕೊಟ್ಟು, ರೈತರಿಗೆ ಒಂದು ಎಚ್ಚರಿಕೆ ಬರೆದು ಕಳಿಸಿ ಸುಮ್ಮನಾಗುತ್ತಿದ್ದರು. ಇವರು ಯೋಚಿಸಿದ್ದು ಬೇರೆ: ಜನರಿಗೇ ಕಜ್ಜಿ ಇರುವಾಗ ಗೊರಿಲ್ಲಾಗೆ ಮದ್ದು ಕೊಟ್ಟು ಏನು ಪ್ರಯೋಜನ? 2003ರಲ್ಲಿ ಜನರ ಆರೋಗ್ಯ ಮತ್ತು ಗೊರಿಲ್ಲಾಗಳ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡುವ ಸಂಸ್ಥೆ ಕಟ್ಟಿದರು. ಊರಿನ ಆರೋಗ್ಯ ಸ್ವಯಂಸೇವಕರು ಮನೆಮನೆಗೆ ಹೋಗಿ ಶುಚಿತ್ವ, ಕುಟುಂಬ ಯೋಜನೆ ಬಗ್ಗೆ ಮಾತಾಡಿದರು. ಮುಂದೆ ಅದೇ ರೈತರ ಕಾಫಿಗೆ ಒಳ್ಳೆಯ ಮಾರುಕಟ್ಟೆ ಹುಡುಕುವ ಕೆಲಸವೂ ಸೇರಿಕೊಂಡಿತು. 2018ರಲ್ಲಿ ಬೆಟ್ಟದ ಗೊರಿಲ್ಲಾಗಳ ಸಂಖ್ಯೆ 1,000 ದಾಟಿದ ಸುದ್ದಿ ಬಂತು. ಅದರ ಹಿಂದೆ ಮೂರು ದೇಶಗಳ ಜನರ ದಶಕಗಳ ದುಡಿಮೆ ಇದೆ. ಅದರಲ್ಲಿ ಈ ಪಶುವೈದ್ಯೆಯ ಪಾಲೂ ಇದೆ. ವೈದ್ಯೆಯ ಹುದ್ದೆಯಿಂದ ನಾಯಕಿಯ ಹುದ್ದೆಗೆ ಅವರನ್ನು ಕರೆದೊಯ್ದಿದ್ದು ಬರೀ ಪದವಿಯಲ್ಲ, ಅಲ್ವಾ?

ಪದವಿ ಅಂದಾಗ ಇನ್ನೊಂದು ನೆನಪಾಯಿತು. ಅಸ್ಸಾಮಿನ ಪೂರ್ಣಿಮಾ ದೇವಿ ಬರ್ಮನ್ ಹರ್ಗಿಲ ಕೊಕ್ಕರೆ ಬಗ್ಗೆ ಪಿಎಚ್‌.ಡಿ. ಮಾಡಲು ಹೊರಟವರು. ಗೂಡಿರುವ ಮರವನ್ನೇ ಕಡಿಯುವುದನ್ನು ಕಣ್ಣಾರೆ ಕಂಡರು. ಪಿಎಚ್‌.ಡಿ.ಯನ್ನು ಪಕ್ಕಕ್ಕಿಟ್ಟು ಊರಿನ ಹೆಂಗಸರ ಜತೆ ಕೂತರು. ಹೊಲಸು ಹಕ್ಕಿ ಅಂತ ಕಲ್ಲು ಹೊಡೆಸಿಕೊಳ್ಳುತ್ತಿದ್ದ ಕೊಕ್ಕರೆಗೆ ಆ ಹೆಂಗಸರೇ ಸೈನ್ಯ ಕಟ್ಟಿದರು. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ದೊಡ್ಡ ಗೌರವ ಬಂತು. ಪಿಎಚ್‌.ಡಿ. ಅದಕ್ಕೆ ಮುಂಚೆ 2019ರಲ್ಲಿ ಮುಗಿದಿತ್ತು, ಊರಿನ ಕೆಲಸ ಶುರುವಾಗಿ ಎಷ್ಟೋ ವರ್ಷದ ಮೇಲೆ. ಈ ಸಾಲಿನಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಅನ್ನೋದನ್ನು ಸ್ವಲ್ಪ ನೋಡಿ.

ಚೆನ್ನಾಗಿ ಮಾತಾಡುವವರೇ ನಾಯಕರು ಅನ್ನೋ ಭ್ರಮೆಯೂ ನಮ್ಮಲ್ಲಿ ಜಾಸ್ತಿ. ಅಮೆರಿಕದ ವನ್ಯಜೀವಿ ವಿಜ್ಞಾನಿ ಅಲನ್ ರಾಬಿನೊವಿಟ್ಜ್ ಚಿಕ್ಕಂದಿನಿಂದ ತೀವ್ರವಾಗಿ ತೊದಲುತ್ತಿದ್ದವರು. ಜನರ ಜತೆ ಮಾತಾಡಲಾಗದೆ ಪ್ರಾಣಿಗಳ ಜತೆ ಮಾತಾಡುತ್ತಿದ್ದ ಹುಡುಗ. ಅವರೇ 1980ರ ದಶಕದಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಸಚಿವ ಸಂಪುಟದ ಮುಂದೆ ಜಾಗ್ವಾರ್ ಪರವಾಗಿ ಮಾತಾಡಿ ಕಾಕ್ಸ್‌ಕೋಂಬ್ ಅಭಯಾರಣ್ಯಕ್ಕೆ ಒಪ್ಪಿಗೆ ಪಡೆದರು. ಎಲ್ಲರಿಗೂ ಗೊತ್ತಿರುವುದು ಇಷ್ಟು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ಆಗಿದ್ದು. ಅಭಯಾರಣ್ಯಕ್ಕಾಗಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನಾಂಗದ ಕುಟುಂಬಗಳು ಜಾಗ ಬಿಡಬೇಕಾಯಿತು. ಆ ನೋವು ಸಣ್ಣದಲ್ಲ. ಆದರೆ ಆ ಅಭಯಾರಣ್ಯವನ್ನು ಮುಂದೆ ವರ್ಷಗಟ್ಟಲೆ ನಡೆಸಿದವರು ಪಕ್ಕದ ಮಾಯಾ ಹಳ್ಳಿಯ ಶಾಲಾ ಮೇಷ್ಟ್ರು. ವನ್ಯಜೀವಿ ಪದವೀಧರರಲ್ಲ. ಊರಿನವರ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಅವರಿಗೆ ಯಾರೂ ವರದಿ ಬರೆದು ತಿಳಿಸಬೇಕಿರಲಿಲ್ಲ.

ನಮೀಬಿಯಾದಲ್ಲೂ ಹೀಗೇ. 1980ರ ದಶಕದ ಆರಂಭದಲ್ಲಿ ಅಲ್ಲಿನ ವಾಯವ್ಯ ಭಾಗದಲ್ಲಿ ಬರ ಮತ್ತು ಕಳ್ಳಬೇಟೆ ಸೇರಿ ಪ್ರಾಣಿಗಳು ಕರಗಿಹೋಗಿದ್ದವು. ಸಂರಕ್ಷಣಾ ಕಾರ್ಯಕರ್ತ ಗಾರ್ತ್ ಓವನ್ ಸ್ಮಿತ್ ಮತ್ತು ಜತೆಗಾರರು ಊರಿನ ಮುಖಂಡರ ಹತ್ತಿರ ಹೋಗಿ, ಕಾವಲುಗಾರರನ್ನು ನೀವೇ ಆರಿಸಿ ಎಂದರು. ಆರಿಸಿದವರಲ್ಲಿ ಬೇಟೆಯಾಡುತ್ತಿದ್ದವರೂ ಇದ್ದರು. ಕಾಡು ಗೊತ್ತಿದ್ದಿದ್ದು ಅವರಿಗೇ ತಾನೇ! ಆ ಕಾವಲುಗಾರರು ಉತ್ತರ ಹೇಳಬೇಕಿದ್ದುದು ತಮ್ಮ ಮುಖಂಡರಿಗೆ, ದೂರದ ಆಫೀಸಿಗಲ್ಲ. 1996ರಲ್ಲಿ ಕಾನೂನೇ ಬದಲಾಗಿ ಸಮುದಾಯಗಳಿಗೆ ವನ್ಯಜೀವಿಗಳ ಮೇಲೆ ಹಕ್ಕು ಬಂತು. ಈಗ ಅಂಥ 86 ಸಮುದಾಯ ಸಂರಕ್ಷಣಾ ಪ್ರದೇಶಗಳಿವೆ. ಅದೇ ಭಾಗದಲ್ಲಿ ಬೆಳೆದ ಜಾನ್ ಕಸಾವೋನಾ, ಓವನ್ ಸ್ಮಿತ್ ಮತ್ತು ಜತೆಗಾರರು ಕಟ್ಟಿದ ಸಂಸ್ಥೆಯ ಮುಖ್ಯಸ್ಥರೇ ಆದರು. ಇದನ್ನೇ ನಾನು ಮೆಟ್ಟಿಲು ಅನ್ನೋದು.

ನಮ್ಮಲ್ಲಿ ಬಹುಪಾಲು ಕಡೆ ರೇಂಜರ್, ವಾಚರ್, ಹೆಜ್ಜೆಗುರುತು ಹಿಡಿಯುವವರು ಸೇರಿದ ಹುದ್ದೆಯಲ್ಲೇ ನಿವೃತ್ತರಾಗುತ್ತಾರೆ. ಪ್ರಪಂಚದಲ್ಲಿ ಈಗ ಸುಮಾರು 2.86 ಲಕ್ಷ ರೇಂಜರ್‌ಗಳಿದ್ದಾರೆ ಅಂತ 2022ರ ಒಂದು ಅಂದಾಜು. ಅದೇ ವರ್ಷ ಡಿಸೆಂಬರ್‌ನಲ್ಲಿ ದೇಶಗಳೆಲ್ಲ ಸೇರಿ 2030ರೊಳಗೆ ಭೂಮಿಯ 30% ಭಾಗವನ್ನು ಕಾಪಾಡುತ್ತೇವೆ ಎಂದು ಒಪ್ಪಿಕೊಂಡವಲ್ಲ, ಆ ಮಾತು ಉಳಿಸಿಕೊಳ್ಳಲು ಸುಮಾರು 15 ಲಕ್ಷ ರೇಂಜರ್‌ಗಳು ಬೇಕು. ಅಂದರೆ ಐದು ಪಟ್ಟು. ಇಷ್ಟು ಜನರನ್ನು ಎಲ್ಲಿಂದ ತರುತ್ತೀರಿ? ಹದಿನಾಲ್ಕು ವರ್ಷ ದುಡಿದರೂ ಹುದ್ದೆಯ ಹೆಸರು ಬದಲಾಗದ ಕೆಲಸಕ್ಕೆ ಯಾವ ತಾಯಿ ಮಗನನ್ನೋ ಮಗಳನ್ನೋ ಕಳಿಸುತ್ತಾಳೆ?

ಮಗಳು ಅಂದೆ. ಫೀಲ್ಡ್ ಸ್ಟೇಷನ್‌ಗಳಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ, ಸರಿಯಾದ ಶೌಚಾಲಯ, ದೂರು ಕೊಟ್ಟರೆ ಕೇಳುವವರು, ಇಷ್ಟು ಇಲ್ಲದ ಕಾರಣಕ್ಕೇ ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಇದಕ್ಕೆ ದೊಡ್ಡ ಚರ್ಚೆ ಬೇಕಿಲ್ಲ. ಕಟ್ಟಿಸಿ, ಕೇಳಿ.

ಹಣ ಕೊಡುವವರಿಗೆ ಒಂದು ಮಾತು. 1974ರಲ್ಲಿ ಮಾರಿಷಸ್‌ನಲ್ಲಿ ಒಂದು ಜಾತಿಯ ಪುಟ್ಟ ಚಾಣ, ಮಾರಿಷಸ್ ಕೆಸ್ಟ್ರೆಲ್, ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. 1979ರಲ್ಲಿ ಕಾರ್ಲ್ ಜೋನ್ಸ್ ಎಂಬ ಯುವಕನನ್ನು ಅಲ್ಲಿಗೆ ಕಳಿಸಿದಾಗ ಹೇಳಿದ್ದು, ಯೋಜನೆ ಮುಚ್ಚುವ ದಾರಿ ನೋಡು ಅಂತ. ಆತ ಮುಚ್ಚಲಿಲ್ಲ. ಗೂಡಿನಿಂದ ಮೊಟ್ಟೆ ತೆಗೆದು ಕಾವು ಕೊಟ್ಟು ಮರಿ ಮಾಡಿಸಿದ. ಆ ಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ ಅನ್ನೋ ಲೆಕ್ಕ ಅವನದು. ಆಮೇಲೆ ಅಲ್ಲೇ ದಶಕಗಳ ಕಾಲ ದುಡಿದ. ಇವತ್ತು ಆ ಚಾಣಗಳು ನೂರಾರು ಇವೆ. ಗುಲಾಬಿ ಪಾರಿವಾಳ, ಎಕೋ ಗಿಣಿ ಕೂಡ ಅದೇ ತಂಡದ ಕೈಯಲ್ಲಿ ಬದುಕಿಕೊಂಡವು. 2016ರಲ್ಲಿ ಜೋನ್ಸ್ ಅವರಿಗೆ ವನ್ಯಜೀವಿ ಸಂರಕ್ಷಣೆಗೆ ಕೊಡುವ ಇಂಡಿಯಾನಾಪೊಲಿಸ್ ಪ್ರಶಸ್ತಿ ಬಂತು.

ಇದಕ್ಕೆಲ್ಲ ದಶಕಗಳು ಬೇಕಾದವು. ನೀವು ಕೊಡುವ ಗ್ರಾಂಟ್ ಮೂರು ವರ್ಷದ್ದು. ಮೊದಲ ವರ್ಷ ಜನರನ್ನು ಹುಡುಕುವುದರಲ್ಲಿ ಹೋಗುತ್ತದೆ, ಕೊನೆಯ ವರ್ಷ ಮುಂದಿನ ಗ್ರಾಂಟಿಗೆ ಪ್ರಪೋಸಲ್ ಬರೆಯುವುದರಲ್ಲಿ. ನಡುವಿನ ಹನ್ನೆರಡು ತಿಂಗಳಲ್ಲಿ ಒಬ್ಬ ನಾಯಕನನ್ನು ಬೆಳೆಸಿ ಅನ್ನುತ್ತೀರಿ. ಜೀಪಿಗೆ, ಡ್ರೋನಿಗೆ, ಕ್ಯಾಮೆರಾಗೆ ಕೊಡುತ್ತೀರಿ. ಸಂಬಳಕ್ಕೆ ಕೇಳಿದರೆ "ಆಡಳಿತ ವೆಚ್ಚ ಜಾಸ್ತಿಯಾಯಿತು" ಅನ್ನುತ್ತೀರಿ. ಅಕೌಂಟೆಂಟ್ ಇಲ್ಲದ ಸಂಸ್ಥೆಯಲ್ಲಿ ಜೀವಶಾಸ್ತ್ರಜ್ಞೆ ರಾತ್ರಿ ಎರಡು ಗಂಟೆವರೆಗೆ ಬಿಲ್ಲು ಅಂಟಿಸುತ್ತಾ ಕೂತಿರುವುದನ್ನು ನಾನು ನೋಡಿದ್ದೇನೆ. ಎರಡು ವರ್ಷ ಅಂಟಿಸಿದಳು. ಆಮೇಲೆ ಬ್ಯಾಂಕ್ ಸೇರಿದಳು. ಮೂವತ್ತೈದರ ಸುಮಾರಿಗೆ ಹೀಗೆ ಹೋಗುವವರೇ ಜಾಸ್ತಿ. ಮಕ್ಕಳ ಫೀಸು, ವಯಸ್ಸಾದ ಅಪ್ಪ ಅಮ್ಮ, ವಿಮೆ ಇಲ್ಲದ ಕೆಲಸ. ಪ್ರೀತಿ ಕಡಿಮೆಯಾಗಿ ಹೋಗುವವರು ಕಡಿಮೆ.

ನಾನು ಕೇಳುವುದೇನು? ಇಂಟರ್ನ್‌ಗೆ ಬದುಕುವಷ್ಟು ದುಡ್ಡು ಕೊಡಿ, ಆಗದಿದ್ದರೆ ಇಂಟರ್ನ್ ಇಟ್ಟುಕೊಳ್ಳಬೇಡಿ. ಸೇರಿ ಮೂರು ವರ್ಷವಾದವರ ಕೈಗೆ ಒಂದು ಸಣ್ಣ ಬಜೆಟ್ ಕೊಡಿ. ನಿಜವಾದ ದುಡ್ಡು, ನಿಜವಾದ ಸಹಿ. ತಪ್ಪು ಮಾಡುತ್ತಾರೆ, ಮಾಡಲಿ. ಆ ತಪ್ಪು ಸಣ್ಣದಿರುವಾಗಲೇ ಆಗಲಿ. ಊರಿನ ಸಭೆಗೆ ಹೋಗುವಾಗ ಕಿರಿಯರನ್ನು ಕರೆದುಕೊಂಡು ಹೋಗಿ. ಹಿಂದಿನ ಸಾಲಿನಲ್ಲಿ ಕೂರಿಸಿ ನೋಟ್ಸ್ ಬರೆಸಬೇಡಿ, ಮಾತಾಡಲು ಬಿಡಿ. ಇಪ್ಪತ್ತು ವರ್ಷದ ಡೇಟಾ ತಂದುಕೊಟ್ಟ ಫೀಲ್ಡ್ ಅಸಿಸ್ಟೆಂಟ್ ಹೆಸರನ್ನು ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಿಂದ ಮೇಲಕ್ಕೆ ತನ್ನಿ. ಮತ್ತೆ, ಹೇಳೋದು ಕಷ್ಟ, ಆದರೂ ಹೇಳುತ್ತೇನೆ: ನೀವು ಹೋಗುವ ದಿನಾಂಕ ಗೊತ್ತು ಮಾಡಿ. ಎಲ್ಲರಿಗೂ ತಿಳಿಸಿ. ಅದನ್ನು ತಿಳಿಸಿದ ದಿನವೇ ನಿಮ್ಮ ಕೈಕೆಳಗಿನವರು ಬೇರೆ ಥರ ಯೋಚಿಸಲು ಶುರುಮಾಡುತ್ತಾರೆ.

ಈ ಪತ್ರವನ್ನು ಕದ್ದು ಓದುತ್ತಿರುವ ಹುಡುಗ ಹುಡುಗಿಯರೇ, ನಿಮಗೂ ಎರಡು ಮಾತು. ಲೆಕ್ಕ ಓದಲು ಕಲಿಯಿರಿ. ಸ್ಪ್ರೆಡ್‌ಶೀಟ್ ಹುಲಿಗಿಂತ ಬೇಸರದ ಪ್ರಾಣಿ, ನಿಜ. ಆದರೆ ಯೋಜನೆ ಸಾಯುವುದು ಅಲ್ಲೇ. ನೀವು ಕೆಲಸ ಮಾಡುವ ಜಾಗದ ಜನರ ಭಾಷೆ ಕಲಿಯಿರಿ, ಬೈಗುಳ ಅರ್ಥವಾಗುವಷ್ಟಾದರೂ. ಒಂದು ಜಾಗದಲ್ಲಿ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬರಗಾಲ ನೋಡುವವರೆಗೂ ಜಾಗ ಬದಲಿಸಬೇಡಿ. ಪುಕ್ಕಟೆ ಕೆಲಸಕ್ಕೆ ಕರೆದರೆ, ಸಂಬಳ ಎಷ್ಟು ಅಂತ ಕೇಳಲು ನಾಚಿಕೆ ಬೇಡ. ನಾನು ಕೇಳಿರಲಿಲ್ಲ.

ಇನ್ನು ಆ ಹುದ್ದೆಯ ವಿಷಯ. ಆರರಲ್ಲಿ ಯಾರನ್ನೂ ಆರಿಸಲಿಲ್ಲ. ಹೊಸ ಜಾಹೀರಾತು ಕೊಟ್ಟಿದ್ದೇವೆ, "ಕಡ್ಡಾಯ" ಅನ್ನೋ ಸಾಲು ತೆಗೆದಿದ್ದೇವೆ. ಹೋದ ವಾರ ಆ ಫೀಲ್ಡ್ ಅಸಿಸ್ಟೆಂಟ್ ಅರ್ಜಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಸಾರ್, ಇಲ್ಲಿ 'ನಾಯಕತ್ವದ ಅನುಭವ' ಅಂತ ಕೇಳಿದ್ದಾರೆ. ಏನೂ ಇಲ್ಲ ಅಂತ ಬರೆದಿದ್ದೀನಿ, ಸರಿ ಅಲ್ವಾ?" ಅಂದರು. ಕಾಗದ ವಾಪಸ್ ಕೊಟ್ಟು, ಗೇಟಿನ ಹತ್ತಿರ ನಡೆದಿದ್ದನ್ನೆಲ್ಲ ಅಲ್ಲಿ ಬರೆಯಿರಿ ಎಂದೆ. ಅಷ್ಟು ಜಾಗ ಅರ್ಜಿಯಲ್ಲಿ ಇಲ್ಲ ಎಂದರು. ಹಿಂದಿನ ಪುಟದಲ್ಲಿ ಬರೆಯುತ್ತಿದ್ದಾರೆ. ಸಂದರ್ಶನ ಇನ್ನು ಮೂರು ವಾರಕ್ಕಿದೆ. ಅವರ ಪರ ಮಾತಾಡಿಬಿಟ್ಟಿರುವುದರಿಂದ ಈ ಸಲ ನಾನು ಸಮಿತಿಯಲ್ಲಿಲ್ಲ.

ಇಂತಿ,
ನಿಮ್ಮಲ್ಲೇ ಒಬ್ಬ